ಕಣ್ಣಿನ ಪಾಪೆ ಹಿಗ್ಗಿದರೆ ಅದು ಸುಳ್ಳೇ?

(ಕಾನೂನು ವಿದ್ಯಾರ್ಥಿಗಳು ಮತ್ತು ಅಧ್ಯಾಪಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಕಣ್ಣಿನ ಚಲನೆ ಮತ್ತು ಪಾಪೆಯ ಅಳತೆಯಿಂದ ಸುಳ್ಳನ್ನು ಪತ್ತೆ ಮಾಡುತ್ತೇವೆ ಎನ್ನುವ ಪರೀಕ್ಷೆಯೊಂದಿದೆ. ಅದು ಹೇಗೆ ನಡೆಯುತ್ತದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಅದನ್ನು ಕಣ್ಣಮುಂದೆ ತಂದುಕೊಳ್ಳದಿದ್ದರೆ ಮುಂದಿನ ವಾದ ಹಿಡಿತಕ್ಕೆ ಸಿಗುವುದಿಲ್ಲ.

ಒಂದು ಕೋಣೆ, ಒಂದು ಕಂಪ್ಯೂಟರ್. ಪರದೆಯ ಕೆಳಗೆ ಉದ್ದನೆಯ ಪಟ್ಟಿಯಂಥ ಉಪಕರಣವಿದೆ. ಅದರಲ್ಲಿ ಇನ್‌ಫ್ರಾರೆಡ್ ದೀಪಗಳು ಮತ್ತು ಕ್ಯಾಮೆರಾ ಇವೆ. ಎದುರಿನ ಕುರ್ಚಿಯಲ್ಲಿ ಕೆಲಸಕ್ಕೆ ಅರ್ಜಿ ಹಾಕಿದ ಒಬ್ಬ ಯುವಕ ಕುಳಿತಿದ್ದಾನೆ. ಹಳೆಯ ಸುಳ್ಳುಪತ್ತೆ ಯಂತ್ರವಾದ ಪಾಲಿಗ್ರಾಫ್‌ನಲ್ಲಿ ಮಾಡುವ ಹಾಗೆ ಎದೆಗೆ ಪಟ್ಟಿ ಬಿಗಿಯುವುದಿಲ್ಲ, ಬೆರಳಿಗೆ ತಂತಿ ಸುತ್ತುವುದಿಲ್ಲ, ಎದುರಿಗೆ ಪ್ರಶ್ನೆ ಕೇಳುವ ಅಧಿಕಾರಿಯೂ ಇರುವುದಿಲ್ಲ. ಪರದೆಯ ಮೇಲೆ ಒಂದರ ಹಿಂದೆ ಒಂದು ವಾಕ್ಯ ಬರುತ್ತದೆ. ‘ಹಿಂದಿನ ಕೆಲಸದಲ್ಲಿ ನಾನು ಹಣ ಕದ್ದಿಲ್ಲ.’ ‘ಕಳೆದ ಒಂದು ವರ್ಷದಲ್ಲಿ ನಾನು ಮಾದಕ ವಸ್ತು ಬಳಸಿದ್ದೇನೆ.’ ಓದಿ, ಸರಿ ಅಥವಾ ತಪ್ಪು ಎಂದು ಒತ್ತಬೇಕು. ಅರ್ಧ ಗಂಟೆಯೊಳಗೆ ಎಲ್ಲ ಮುಗಿಯುತ್ತದೆ. ಅಷ್ಟು ಹೊತ್ತೂ ಕ್ಯಾಮೆರಾ ಅವನ ಕಣ್ಣು ಎಲ್ಲಿ ನಿಂತಿತು, ಎಷ್ಟು ಹೊತ್ತು ನಿಂತಿತು, ಯಾವ ವಾಕ್ಯಕ್ಕೆ ಮತ್ತೆ ಮರಳಿತು, ಪಾಪೆ ಎಷ್ಟು ಹಿಗ್ಗಿತು ಎಂಬುದನ್ನೆಲ್ಲ ದಾಖಲಿಸುತ್ತದೆ. ದಾಖಲೆ ದೂರದ ಸರ್ವರ್‌ಗೆ ಹೋಗಿ, ಕೆಲವೇ ನಿಮಿಷಗಳಲ್ಲಿ ಒಂದು ಅಂಕವಾಗಿ ಹಿಂತಿರುಗುತ್ತದೆ. ಆ ಅಂಕ ಒಂದು ಗೆರೆಗಿಂತ ಕೆಳಗಿದ್ದರೆ ಅವನು ನಂಬಿಕೆಗೆ ಅರ್ಹನಲ್ಲ.

ಇದು ಕಲ್ಪನೆಯ ಯಂತ್ರವಲ್ಲ. ಅಮೆರಿಕದ ಯೂಟಾ ರಾಜ್ಯದ ಕನ್ವೆರಸ್ ಎಂಬ ಕಂಪನಿ 2014ರಲ್ಲಿ ‘ಐಡಿಟೆಕ್ಟ್’ ಎಂಬ ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಇದರ ಹಿಂದಿರುವವರು ಯೂಟಾ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞರು. ಅವರಲ್ಲಿ ಜಾನ್ ಕಿರ್ಚರ್ ಮತ್ತು ಡೇವಿಡ್ ರಾಸ್ಕಿನ್ ಪಾಲಿಗ್ರಾಫ್ ಅನ್ನು ಕಂಪ್ಯೂಟರಿಗೆ ಅಳವಡಿಸುವ ಕೆಲಸದಲ್ಲೂ ಮುಂಚೂಣಿಯಲ್ಲಿದ್ದವರು. ಪರೀಕ್ಷೆಯ ನಿಖರತೆ ಶೇ 86ರಿಂದ 90ರಷ್ಟು ಎಂದು ಕಂಪನಿ ಹೇಳಿಕೊಂಡು ಬಂದಿದೆ. ಇಂದಿನ ಮಾತೆಲ್ಲ ಈ ಅಂಕಿಯ ಸುತ್ತಲೇ ಇದೆ. ನನ್ನ ನಿಲುವನ್ನು ಈಗಲೇ ಹೇಳುತ್ತೇನೆ: ಕ್ಯಾಮೆರಾ ಕಣ್ಣನ್ನು ಅಳೆಯುವುದರಲ್ಲಿ ಎಡವುವುದು ಕಡಿಮೆ. ಕಣ್ಣಿನಿಂದ ಸುಳ್ಳಿಗೆ ಜಿಗಿಯುವ ಹೆಜ್ಜೆಗೆ ಮಾತ್ರ ಆಧಾರ ಸಾಲದು. ಆ ಜಿಗಿತದ ಬೆಲೆಯನ್ನು ತೆರುವವರು ಬಹುಪಾಲು ಪ್ರಾಮಾಣಿಕರು.

ಅಳತೆಯ ವಿಷಯ ಬೇಗ ಮುಗಿಸೋಣ. ಇನ್‌ಫ್ರಾರೆಡ್ ಬೆಳಕು ನಮಗೆ ಕಾಣುವುದಿಲ್ಲ, ಕ್ಯಾಮೆರಾಗೆ ಕಾಣುತ್ತದೆ. ಅದು ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ಮೇಲೆ ಬಿದ್ದು ಒಂದು ಪುಟ್ಟ ಹೊಳಪು ಮೂಡುತ್ತದೆ. ಆ ಹೊಳಪಿಗೂ ಪಾಪೆಯ ನಡುಬಿಂದುವಿಗೂ ಇರುವ ಅಂತರದಿಂದ ದೃಷ್ಟಿ ಎತ್ತ ಇದೆ ಎಂದು ಲೆಕ್ಕ ಹಾಕುತ್ತಾರೆ. ಓದುವಾಗ ನಮ್ಮ ಕಣ್ಣು ಸಾಲಿನ ಮೇಲೆ ನಯವಾಗಿ ಜಾರುವುದಿಲ್ಲ. ಚಿಕ್ಕ ಚಿಕ್ಕ ಜಿಗಿತಗಳಲ್ಲಿ ಸಾಗುತ್ತದೆ, ನಡುನಡುವೆ ಸುಮಾರು ಕಾಲು ಸೆಕೆಂಡಿನಷ್ಟು ಹೊತ್ತು ನಿಲ್ಲುತ್ತದೆ. ಒಳ್ಳೆಯ ಉಪಕರಣ ಇವನ್ನೆಲ್ಲ ಹಿಡಿಯುತ್ತದೆ. ಓದಿನ ತೊಂದರೆಗಳನ್ನು ಅರಿಯಲು, ಮಾತನಾಡಲಾಗದ ರೋಗಿಗಳು ಕಣ್ಣಿನಿಂದಲೇ ಅಕ್ಷರ ಆರಿಸಿ ಮಾತು ಕಟ್ಟಲು ಇದೇ ತಂತ್ರಜ್ಞಾನ ನೆರವಾಗುತ್ತಿದೆ. ಅದರ ಬಗ್ಗೆ ನನಗೆ ಗೌರವವೇ ಇದೆ.

ಪಾಪೆಯ ಕಥೆ ಇದಕ್ಕಿಂತ ಸ್ವಾರಸ್ಯಕರ. ಪಾಪೆ ಸುಮಾರು 2ರಿಂದ 8 ಮಿಲಿಮೀಟರ್‌ವರೆಗೆ ಹಿಗ್ಗಿ ಕುಗ್ಗುತ್ತದೆ. ಅದರ ಮುಖ್ಯ ಕೆಲಸ ಬೆಳಕಿಗೆ ತಕ್ಕಂತೆ ತನ್ನನ್ನು ಹೊಂದಿಸಿಕೊಳ್ಳುವುದು. ಆದರೆ ಬೆಳಕು ಬದಲಾಗದಿದ್ದರೂ ಅದು ಹಿಗ್ಗುತ್ತದೆ ಎಂದು ಎಕ್‌ಹಾರ್ಡ್ ಹೆಸ್ ಮತ್ತು ಜೇಮ್ಸ್ ಪೋಲ್ಟ್ 1960ರಲ್ಲಿ ತೋರಿಸಿದರು. 1964ರ ಪ್ರಯೋಗದಲ್ಲಿ ಗುಣಾಕಾರದ ಲೆಕ್ಕ ಕೊಟ್ಟರು. ಲೆಕ್ಕ ಕಠಿಣವಾದಷ್ಟೂ ಪಾಪೆ ಹಿಗ್ಗಿತು. ಎರಡು ವರ್ಷಗಳ ಬಳಿಕ ಡೇನಿಯಲ್ ಕಾನೆಮನ್ ಮತ್ತು ಜ್ಯಾಕ್ಸನ್ ಬೀಟಿ ಅಂಕಿಗಳ ಸಾಲನ್ನು ಕೇಳಿಸಿ ನೆನಪಿಟ್ಟು ಹೇಳಲು ಹೇಳಿದರು. ಒಂದೊಂದು ಅಂಕಿ ಕಿವಿಗೆ ಬಿದ್ದಂತೆ ಪಾಪೆ ಒಂದೊಂದು ಹಂತ ಹಿಗ್ಗಿತು. ಒಂದೊಂದನ್ನು ಬಾಯಿಬಿಟ್ಟು ಹೇಳಿದಂತೆ ಹಂತಹಂತವಾಗಿ ಕುಗ್ಗಿತು. ಮನಸ್ಸಿನ ಮೇಲಿನ ಭಾರ ಏರುವುದೂ ಇಳಿಯುವುದೂ ಆ ಪುಟ್ಟ ಕಪ್ಪು ವೃತ್ತದಲ್ಲಿ ಕಾಣಿಸಿತು. ನಾನು ಓದಿದ ಪ್ರಯೋಗಗಳಲ್ಲಿ ಅತ್ಯಂತ ಅಚ್ಚುಕಟ್ಟಾದವುಗಳಲ್ಲಿ ಇದೂ ಒಂದು.

ಇಲ್ಲೊಂದು ಅಂಶವನ್ನು ಗಮನಿಸಿ. ಆ ಪ್ರಯೋಗದಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ನೆನಪಿಟ್ಟುಕೊಳ್ಳುವ ಶ್ರಮವೊಂದೇ ಪಾಪೆಯನ್ನು ಹಿಗ್ಗಿಸಿತು. ಭಯ, ಸಿಟ್ಟು, ಅವಮಾನ, ಸಂತೋಷ, ಆಸಕ್ತಿ ಇವೆಲ್ಲವೂ ಅದನ್ನೇ ಮಾಡುತ್ತವೆ. ಸುಳ್ಳಿಗೆಂದೇ ಮೀಸಲಾದ ಯಾವ ಹಿಗ್ಗುವಿಕೆಯೂ ಇಲ್ಲ. ಥರ್ಮಾಮೀಟರ್ 102 ಡಿಗ್ರಿ ತೋರಿಸಿದರೆ ಜ್ವರ ಇರುವುದು ನಿಜ, ಅದು ಟೈಫಾಯಿಡೋ ಡೆಂಗಿಯೋ ಎಂದು ಹೇಳಲು ಪಾದರಸಕ್ಕೆ ಸಾಧ್ಯವಿಲ್ಲ.

ಹಾಗಾದರೆ ಯೂಟಾದವರು ಏನನ್ನು ಕಂಡರು? 2012ರಲ್ಲಿ ಪ್ರಕಟವಾದ ಅವರ ಅಧ್ಯಯನವನ್ನು ಹತ್ತಿರದಿಂದ ನೋಡೋಣ. ಪಾಲ್ಗೊಂಡವರಲ್ಲಿ ಕೆಲವರಿಗೆ ಒಂದು ಅಣಕು ಅಪರಾಧವನ್ನು ವಹಿಸಿದರು. ಕಚೇರಿಗೆ ಹೋಗಿ, ಅಲ್ಲಿನ ಕಾರ್ಯದರ್ಶಿಯ ಪರ್ಸಿನಿಂದ 20 ಡಾಲರ್ ನೋಟನ್ನು ಕದ್ದು ಬರಬೇಕು. ಉಳಿದವರು ಏನನ್ನೂ ಕದಿಯಲಿಲ್ಲ. ನಂತರ ಎಲ್ಲರೂ ಪರದೆಯ ಮುಂದೆ ಕುಳಿತು ವಾಕ್ಯಗಳನ್ನು ಓದಿ ಸರಿ ತಪ್ಪು ಒತ್ತಿದರು. ಕದ್ದವರು ಕಳ್ಳತನದ ವಾಕ್ಯಗಳಿಗೆ ಸುಳ್ಳು ಉತ್ತರ ಕೊಡುವಾಗ ಅವರ ಪಾಪೆ ಹೆಚ್ಚು ಹಿಗ್ಗಿತು. ಇದು ನಿರೀಕ್ಷಿತ. ಅನಿರೀಕ್ಷಿತವಾದದ್ದು ಎಂದರೆ, ಅವರು ಆ ವಾಕ್ಯಗಳ ಮೇಲೆ ಕಣ್ಣನ್ನು ಕಡಿಮೆ ಹೊತ್ತು ನಿಲ್ಲಿಸಿದರು, ಮರಳಿ ಓದುವುದನ್ನೂ ಕಡಿಮೆ ಮಾಡಿದರು. ಸಿಕ್ಕಿಬೀಳಬಾರದೆಂಬ ಎಚ್ಚರದಲ್ಲಿ ಚುರುಕಾಗಿ ಓದಿ ಮುಗಿಸಿದರು ಎಂದು ಸಂಶೋಧಕರು ವಿವರಿಸಿದರು. ಗುಂಪು ಗುಂಪಾಗಿ ನೋಡಿದರೆ ವ್ಯತ್ಯಾಸ ನಿಜವಾಗಿಯೂ ಇತ್ತು. ಇದನ್ನು ನಾನು ತಳ್ಳಿಹಾಕುವುದಿಲ್ಲ.

ತಳ್ಳಿಹಾಕಬೇಕಾದದ್ದು ಅಲ್ಲಿಂದ ಮುಂದಕ್ಕೆ ಎಳೆದ ಗೆರೆಯನ್ನು. ಸಂಶೋಧಕರೇ ಕದಿಯಲು ಹೇಳಿದ 20 ಡಾಲರ್‌ಗೆ ಪಾಪಪ್ರಜ್ಞೆ ಇಲ್ಲ, ಶಿಕ್ಷೆಯೂ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಅಲ್ಲಿ ಕದಿಯದವರಿಗೆ ಭಯವಿಲ್ಲ. ಅವರು ಆರಾಮವಾಗಿ ‘ನಾನು ಕದ್ದಿಲ್ಲ’ ಎಂದು ಒತ್ತಿ ಎದ್ದು ಹೋಗುತ್ತಾರೆ. ನಿಜಜೀವನದಲ್ಲಿ ಆರೋಪ ಹೊತ್ತ ನಿರಪರಾಧಿಯ ಸ್ಥಿತಿ ಇದಕ್ಕೆ ತೀರ ವಿರುದ್ಧ. ಸಾಲದ ಕಂತು, ಮನೆ ಬಾಡಿಗೆ, ಮಗುವಿನ ಶಾಲೆಯ ಶುಲ್ಕ ಎಲ್ಲವೂ ಈ ಒಂದು ಕೆಲಸವನ್ನು ನೆಚ್ಚಿಕೊಂಡಿರುವಾಗ, ಪರದೆಯ ಮೇಲೆ ‘ನಾನು ಹಣ ಕದ್ದಿದ್ದೇನೆ’ ಎಂಬ ವಾಕ್ಯ ಬಂದರೆ ಅವನ ಎದೆ ಧಸಕ್ಕೆನ್ನುತ್ತದೆ, ಪಾಪೆಯೂ ಹಿಗ್ಗುತ್ತದೆ. ಪರೀಕ್ಷೆ ರೂಪಿಸಿದವರು ಇದಕ್ಕೊಂದು ಉತ್ತರ ಕೊಡುತ್ತಾರೆ: ನಾವು ಒಬ್ಬರನ್ನು ಮತ್ತೊಬ್ಬರೊಂದಿಗೆ ಹೋಲಿಸುವುದಿಲ್ಲ, ಅದೇ ವ್ಯಕ್ತಿ ಬೇರೆ ವಿಷಯದ ವಾಕ್ಯಗಳಿಗೆ ತೋರಿದ ಪ್ರತಿಕ್ರಿಯೆಯೊಂದಿಗೆ ಹೋಲಿಸುತ್ತೇವೆ. ಉತ್ತರ ಜಾಣತನದ್ದೇ. ಆದರೆ ತನ್ನ ಕುತ್ತಿಗೆಗೆ ಬರುವ ವಾಕ್ಯ ಯಾವುದು ಎಂಬುದು ಅಪರಾಧಿಗೆ ಗೊತ್ತಿರುವಷ್ಟೇ ನಿರಪರಾಧಿಗೂ ಗೊತ್ತು. ಪಾಲಿಗ್ರಾಫ್‌ನ ಬುಡದಲ್ಲಿದ್ದ ದೋಷ ಇದೇ. ತಂತಿ ಹೋಗಿ ಕ್ಯಾಮೆರಾ ಬಂದರೂ ದೋಷ ಬುಡದಲ್ಲೇ ಉಳಿದಿದೆ.

ಇನ್ನು ಓದಿನ ಪ್ರಶ್ನೆ. ಈ ಪರೀಕ್ಷೆ ಮೂಲತಃ ಓದುವ ಪರೀಕ್ಷೆ. ಸರಾಗವಾಗಿ ಓದಬಲ್ಲವರ ಕಣ್ಣು ಒಂದು ರೀತಿಯಲ್ಲಿ ಸಾಗುತ್ತದೆ, ಕೂಡಿಸಿ ಕೂಡಿಸಿ ಓದುವವರ ಕಣ್ಣು ಇನ್ನೊಂದು ರೀತಿಯಲ್ಲಿ ಸಾಗುತ್ತದೆ. ಗೋದಾಮಿನ ಕಾವಲಿಗೆ, ಲಾರಿ ಚಾಲನೆಗೆ, ಹಣ ಸಾಗಿಸುವ ವ್ಯಾನಿಗೆ ಅರ್ಜಿ ಹಾಕುವ ಮನುಷ್ಯ ಏಳನೆಯ ತರಗತಿಗೆ ಶಾಲೆ ಬಿಟ್ಟವನಾಗಿರಬಹುದು. ‘ನಾನು ಹಣವನ್ನು ಕದ್ದಿಲ್ಲ ಎಂಬುದು ನಿಜವಲ್ಲ’ ಎಂಬಂಥ ನಿಷೇಧದ ಮೇಲೆ ನಿಷೇಧ ಹೇರಿದ ವಾಕ್ಯವನ್ನು ಅವನ ಮುಂದಿಡಿ. ಸರಿ ಎನ್ನಬೇಕೋ ತಪ್ಪು ಎನ್ನಬೇಕೋ ಎಂದು ಅವನು ತಡವರಿಸುತ್ತಾನೆ, ಎರಡು ಸಲ ಓದುತ್ತಾನೆ, ಪಾಪೆ ಹಿಗ್ಗುತ್ತದೆ. ಇಲ್ಲಿ ಕುಳಿತಿರುವ ನೀವೂ ಈಗ ಒಂದು ಕ್ಷಣ ತಡೆದು ಯೋಚಿಸಿದಿರಿ. ವಾಕ್ಯಗಳನ್ನು ಸರಳವಾಗಿಡಬೇಕೆಂದು ಪರೀಕ್ಷೆ ನಡೆಸುವವರಿಗೂ ಗೊತ್ತು. ಆದರೆ ಇಂಗ್ಲಿಷ್ ಅಥವಾ ಸ್ಪ್ಯಾನಿಷ್‌ನಲ್ಲಿ ಅಳೆದು ತೂಗಿದ ಲೆಕ್ಕವನ್ನು ಬೇರೊಂದು ಲಿಪಿಗೆ ಹಾಗೆಯೇ ಹೊರಿಸಲಾಗದು. ಕನ್ನಡದಲ್ಲಿ ಒಂದೇ ಪದ ಪ್ರತ್ಯಯಗಳನ್ನು ಹೊತ್ತು ಎಷ್ಟು ಉದ್ದವಾಗುತ್ತದೆ, ಒತ್ತಕ್ಷರಗಳು ಸಾಲಿನ ಕೆಳಗೆ ಹೇಗೆ ಇಳಿಯುತ್ತವೆ ಎಂದು ನಿಮಗೆ ಹೇಳಬೇಕಿಲ್ಲ. ಕಣ್ಣು ನಿಲ್ಲುವ ಜಾಗ, ನಿಲ್ಲುವ ಹೊತ್ತು ಎರಡೂ ಬದಲಾಗುತ್ತವೆ. ಒಂದೊಂದು ಭಾಷೆಗೂ ಆಯಾ ಓದುಗರ ನಡುವೆಯೇ ಹೊಸದಾಗಿ ಮಾನಕ ಕಟ್ಟಬೇಕು.

ದೇಹದ ಕಾರಣಗಳನ್ನೂ ಮರೆಯಬಾರದು. ವಯಸ್ಸಾದಂತೆ ಪಾಪೆ ಚಿಕ್ಕದಾಗುತ್ತದೆ, ಹಿಗ್ಗುವ ಸಾಮರ್ಥ್ಯವೂ ಕುಗ್ಗುತ್ತದೆ. ಗ್ಲಾಕೋಮಾಗೆ ಬಿಡುವ ಪೈಲೋಕಾರ್ಪಿನ್ ಹನಿ ಪಾಪೆಯನ್ನು ಕಿರಿದಾಗಿಸುತ್ತದೆ. ಕಣ್ಣಿನ ತಪಾಸಣೆಗೆ ಹಾಕುವ ಟ್ರೋಪಿಕಮೈಡ್ ಅದನ್ನು ಅಗಲಗೊಳಿಸುತ್ತದೆ. ಅಫೀಮಿನ ವರ್ಗದ ನೋವುನಿವಾರಕ ತೆಗೆದುಕೊಂಡವರ ಪಾಪೆ ಸೂಜಿಮೊನೆಯಷ್ಟಾಗುತ್ತದೆ. ಕನ್ನಡಕದ ಗಾಜು ಇನ್‌ಫ್ರಾರೆಡ್ ಬೆಳಕನ್ನು ಪ್ರತಿಫಲಿಸಿ ಸುಳ್ಳು ಹೊಳಪು ಮೂಡಿಸಬಹುದು. ರೆಪ್ಪೆ ಇಳಿಬಿದ್ದಿದ್ದರೆ ಪಾಪೆಯ ಒಂದು ಭಾಗ ಮರೆಯಾಗುತ್ತದೆ. ಕಪ್ಪು ಮಸ್ಕಾರ, ದಟ್ಟ ಕಾಡಿಗೆ ಕೂಡ ಪಾಪೆ ಎಂದು ಯಂತ್ರವನ್ನು ದಾರಿ ತಪ್ಪಿಸಬಲ್ಲದು. ಪ್ರಯೋಗಾಲಯದಲ್ಲಿ ಇಂಥವರನ್ನು ಲೆಕ್ಕದಿಂದ ಬಿಡಬಹುದು, ಕೆಲಸ ಕೇಳಿಕೊಂಡು ಬಂದವರನ್ನು ಹೇಗೆ ಬಿಡುತ್ತೀರಿ?

ಈಗ ಆ ಶೇ 86ರ ವಿಷಯಕ್ಕೆ ಬರುತ್ತೇನೆ. ಕಾನೂನು ಓದುವವರು ಇಂದು ಬೇರೇನನ್ನು ಮರೆತರೂ ಈ ಲೆಕ್ಕವನ್ನು ಮರೆಯಬೇಡಿ. ಕಂಪನಿಯ ಮಾತನ್ನು ಅಕ್ಷರಶಃ ಒಪ್ಪಿಕೊಳ್ಳೋಣ: ಯಂತ್ರ ನೂರು ಸುಳ್ಳುಗಾರರಲ್ಲಿ 86 ಮಂದಿಯನ್ನು ಹಿಡಿಯುತ್ತದೆ, ನೂರು ಪ್ರಾಮಾಣಿಕರಲ್ಲಿ 86 ಮಂದಿಯನ್ನು ಪ್ರಾಮಾಣಿಕರೆಂದೇ ಗುರುತಿಸುತ್ತದೆ. ಒಂದು ಸಂಸ್ಥೆಗೆ 1,000 ಅರ್ಜಿದಾರರು ಬಂದರು, ಅವರಲ್ಲಿ ನಿಜಕ್ಕೂ ಮುಚ್ಚಿಡುತ್ತಿರುವವರು 20 ಮಂದಿ ಎಂದಿಟ್ಟುಕೊಳ್ಳಿ. ಆ 20ರಲ್ಲಿ 17 ಮಂದಿ ಸಿಕ್ಕಿಬೀಳುತ್ತಾರೆ. ಸಂತೋಷ. ಆದರೆ ಉಳಿದ 980 ಪ್ರಾಮಾಣಿಕರಲ್ಲಿ ಶೇ 14, ಅಂದರೆ ಸುಮಾರು 137 ಮಂದಿ ಕೂಡ ಸುಳ್ಳುಗಾರರ ಪಟ್ಟಿಗೆ ಸೇರುತ್ತಾರೆ. ಪಟ್ಟಿಯಲ್ಲಿ ಒಟ್ಟು 154 ಹೆಸರು, ಅವುಗಳಲ್ಲಿ 137 ನಿರಪರಾಧಿಗಳದ್ದು. ಯಂತ್ರ ‘ಸುಳ್ಳು’ ಎಂದಾಗ ಹತ್ತರಲ್ಲಿ ಸುಮಾರು ಒಂಬತ್ತು ಸಲ ಅದು ತಪ್ಪು. ‘ಶೇ 86 ನಿಖರ’ ಎಂಬ ಜಾಹೀರಾತಿನ ಮಾತು ಮತ್ತು ಈ ಪಟ್ಟಿ ಎರಡೂ ಒಟ್ಟಿಗೇ ನಿಜವಾಗಿರಲು ಸಾಧ್ಯ. ಗಣಿತದಲ್ಲಿ ಯಾವ ಮೋಸವೂ ಇಲ್ಲ. ಅಪರೂಪದ್ದನ್ನು ಹುಡುಕಲು ಹೊರಟವರಿಗೆಲ್ಲ ಇದೇ ಗತಿ.

ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2003ರಲ್ಲಿ ಪಾಲಿಗ್ರಾಫ್ ಕುರಿತ ತನ್ನ ವರದಿಯಲ್ಲಿ ಇಂಥದೇ ಲೆಕ್ಕವನ್ನು ದೇಶದ ಮುಂದಿಟ್ಟಿತ್ತು. 10,000 ನೌಕರರಲ್ಲಿ 10 ಮಂದಿ ಗೂಢಚಾರರಿದ್ದು, ಅವರಲ್ಲಿ ಎಂಟು ಮಂದಿಯನ್ನು ಹಿಡಿಯುವಂತೆ ಪರೀಕ್ಷೆಯನ್ನು ಬಿಗಿಗೊಳಿಸಿದರೆ ಸುಮಾರು 1,600 ನಿಷ್ಠಾವಂತರು ಅನುಮಾನಕ್ಕೆ ಗುರಿಯಾಗುತ್ತಾರೆ. ಇತ್ತ ನಿಜವಾದ ಗೂಢಚಾರ ಆಲ್ಡ್ರಿಚ್ ಏಮ್ಸ್, ಸೋವಿಯತ್ ಒಕ್ಕೂಟಕ್ಕೆ ರಹಸ್ಯ ಮಾರುತ್ತಿದ್ದ ಸಿಐಎ ಅಧಿಕಾರಿ, 1986 ಮತ್ತು 1991ರಲ್ಲಿ ಪಾಲಿಗ್ರಾಫ್ ಪಾಸಾಗಿದ್ದ. ಸಿಕ್ಕಿಬಿದ್ದದ್ದು 1994ರಲ್ಲಿ. ಅವನನ್ನು ಹಿಡಿದುಕೊಟ್ಟದ್ದು ಯಂತ್ರವಲ್ಲ, ಬ್ಯಾಂಕ್ ಖಾತೆಯ ಜಮೆಗಳನ್ನೂ ಅವನ ಓಡಾಟವನ್ನೂ ತಾಳೆ ಹಾಕಿದ ಸಹೋದ್ಯೋಗಿಗಳ ತಾಳ್ಮೆಯ ಕೆಲಸ.

ಪ್ರಕಟವಾದ ಅಧ್ಯಯನಗಳಲ್ಲಿ ಹೆಚ್ಚಿನವು ಈ ಪರೀಕ್ಷೆಯನ್ನು ರೂಪಿಸಿದವರೇ ಪಾಲ್ಗೊಂಡು ನಡೆಸಿದವು ಎಂಬುದನ್ನೂ ಹೇಳಬೇಕು. ಅವರು ಅಪ್ರಾಮಾಣಿಕರು ಎಂದು ನಾನು ಹೇಳುತ್ತಿಲ್ಲ. ಆದರೆ ಒಂದು ಔಷಧಿಯನ್ನು ಅದನ್ನು ಮಾರುವವರ ಮಾತಿನ ಮೇಲಷ್ಟೇ ನಾವು ಒಪ್ಪುವುದಿಲ್ಲವಲ್ಲ.

ನಾವು ಇಂಥ ಯಂತ್ರವನ್ನು ಇಷ್ಟು ಸುಲಭವಾಗಿ ನಂಬುವುದು ಏಕೆ? ‘ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳು’ ಎಂದು ಗದರಿಸಿಕೊಳ್ಳದೆ ಬೆಳೆದ ಮಗು ನಮ್ಮಲ್ಲಿ ಇಲ್ಲ. ಸುಳ್ಳುಗಾರರು ಕಣ್ಣು ತಪ್ಪಿಸುತ್ತಾರೆ ಎಂಬ ನಂಬಿಕೆ ಹತ್ತಾರು ದೇಶಗಳಲ್ಲಿ ಅತ್ಯಂತ ವ್ಯಾಪಕ ಎಂದು 2006ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಸಮೀಕ್ಷೆಯೊಂದು ಕಂಡುಕೊಂಡಿತು. ಅದೇ ವರ್ಷ ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ ಸುಮಾರು 24,000 ಮಂದಿಯ ತೀರ್ಪುಗಳನ್ನು ಒಟ್ಟುಗೂಡಿಸಿ ನೋಡಿದರು. ಸತ್ಯವನ್ನೂ ಸುಳ್ಳನ್ನೂ ನಾವು ಸರಿಯಾಗಿ ಬೇರ್ಪಡಿಸುವುದು ಶೇ 54ರಷ್ಟು ಸಲ ಮಾತ್ರ, ನಾಣ್ಯ ಚಿಮ್ಮಿದರೆ ಶೇ 50. ನೋಟ ತಪ್ಪಿಸುವುದಕ್ಕೂ ಸುಳ್ಳಿಗೂ ನೆಚ್ಚಬಹುದಾದ ನಂಟು ಸಿಕ್ಕಿಲ್ಲ. ಹಿರಿಯರ ಮುಂದೆ, ಸಾಹೇಬರ ಮುಂದೆ ತಲೆ ತಗ್ಗಿಸುವುದನ್ನೇ ಮರ್ಯಾದೆ ಎಂದು ಕಲಿತ ಹಳ್ಳಿಯ ಸಾಕ್ಷಿಯೊಬ್ಬರು ನ್ಯಾಯಾಲಯದಲ್ಲಿ ನೆಲ ನೋಡಿ ಉತ್ತರಿಸಿದರೆ, ನಾಳೆ ವಕೀಲರಾಗುವ ನೀವು ಅದನ್ನು ಸುಳ್ಳೆಂದು ಓದಬಾರದು. ಬಲಕ್ಕೆ ಮೇಲೆ ನೋಡಿದರೆ ಸುಳ್ಳು, ಎಡಕ್ಕೆ ನೋಡಿದರೆ ನೆನಪು ಎಂಬ ‘ನ್ಯೂರೋ ಲಿಂಗ್ವಿಸ್ಟಿಕ್ ಪ್ರೋಗ್ರಾಮಿಂಗ್’ನವರ ಸೂತ್ರವನ್ನು ರಿಚರ್ಡ್ ವೈಸ್‌ಮನ್ ಮತ್ತು ಸಂಗಡಿಗರು 2012ರಲ್ಲಿ ಮೂರು ಬಗೆಯಲ್ಲಿ ಪರೀಕ್ಷಿಸಿದರು. ಮೂರರಲ್ಲೂ ಅದಕ್ಕೆ ಆಧಾರ ಸಿಗಲಿಲ್ಲ. ಆದರೂ ಸಂದರ್ಶನದ ತರಬೇತಿಗಳಲ್ಲಿ ಅದನ್ನು ಈಗಲೂ ಕಲಿಸುತ್ತಾರೆ. ನನಗೆ ಇದು ಬೇಸರದ ಸಂಗತಿ.

ಗಡಿಗಳಲ್ಲೂ ಈ ಆಸೆ ಚಿಗುರಿತು. ಐರೋಪ್ಯ ಒಕ್ಕೂಟ ಸುಮಾರು 45 ಲಕ್ಷ ಯೂರೋ ಕೊಟ್ಟು 2016ರಿಂದ 2019ರವರೆಗೆ ‘ಐಬಾರ್ಡರ್‌ಕಂಟ್ರೋಲ್’ ಎಂಬ ಯೋಜನೆಯನ್ನು ನಡೆಸಿತು. ಹಂಗೆರಿ, ಗ್ರೀಸ್, ಲಾಟ್ವಿಯಾಗಳ ಗಡಿಯಲ್ಲಿ ಪ್ರಯೋಗಿಸುವ ಉದ್ದೇಶವಿತ್ತು. ಪರದೆಯ ಮೇಲಿನ ಕೃತಕ ಅಧಿಕಾರಿ ಪ್ರಶ್ನೆ ಕೇಳುತ್ತಾನೆ, ವೆಬ್‌ಕ್ಯಾಮ್ ಕಣ್ಣು ಮತ್ತು ಮುಖದ ಸೂಕ್ಷ್ಮ ಚಲನೆಗಳನ್ನು ಗಮನಿಸುತ್ತದೆ. ಮೊದಲ ಪರೀಕ್ಷೆ ನಡೆದದ್ದು ಮೂವತ್ತೆರಡು ಮಂದಿಯ ಮೇಲೆ, ಯಶಸ್ಸು ಸುಮಾರು ಶೇ 75. ಪತ್ರಕರ್ತೆಯೊಬ್ಬರು ಸರ್ಬಿಯಾ–ಹಂಗೆರಿ ಗಡಿಯಲ್ಲಿ ಅದರ ಮುಂದೆ ಕುಳಿತು ಎಲ್ಲಕ್ಕೂ ಸತ್ಯವನ್ನೇ ಹೇಳಿದರು. ಹದಿನಾರು ಉತ್ತರಗಳಲ್ಲಿ ನಾಲ್ಕು ಸುಳ್ಳು ಎಂದು ಯಂತ್ರ ತೀರ್ಮಾನಿಸಿತು.

ಕಣ್ಣಿನಿಂದ ಏನೂ ತಿಳಿಯದು ಎಂಬ ತೀರ್ಮಾನಕ್ಕೆ ಹಾರಬೇಡಿ. ಸುಳ್ಳನ್ನು ಬಿಟ್ಟು ಗುರುತನ್ನು ಹುಡುಕಿದರೆ ನೆಲ ಗಟ್ಟಿಯಾಗುತ್ತದೆ. ಪರಿಚಿತ ಮುಖವನ್ನು ನೋಡುವಾಗ ಕಣ್ಣು ಕಡಿಮೆ ಜಾಗಗಳಲ್ಲಿ ನಿಲ್ಲುತ್ತದೆ, ಅಪರಿಚಿತ ಮುಖದ ಮೇಲೆ ಹೆಚ್ಚು ಅಲೆದಾಡುತ್ತದೆ. ‘ಇವನನ್ನು ನಾನು ಕಂಡೇ ಇಲ್ಲ’ ಎನ್ನುವವರ ಕಣ್ಣು ಆ ಮಾತಿಗೆ ಹೊಂದದಿರಬಹುದು ಎಂದು ಹಲವು ಪ್ರಯೋಗಗಳು ತೋರಿಸಿವೆ. ಇಲ್ಲಿ ಕೇಳುವ ಪ್ರಶ್ನೆ ಕಿರಿದು, ಹಾಗಾಗಿ ಉತ್ತರಕ್ಕೆ ಬೆಲೆ ಹೆಚ್ಚು. ಆದರೂ ಪರಿಚಯ ಅಪರಾಧವಲ್ಲ. ಮುಖವನ್ನು ಪತ್ರಿಕೆಯಲ್ಲಿ ನೋಡಿದವನೂ ಗುರುತು ಹಿಡಿಯುತ್ತಾನೆ.

ನಮ್ಮ ರಾಜ್ಯದ ಹೆಸರು ಈ ಚರ್ಚೆಯಲ್ಲಿ ಶಾಶ್ವತವಾಗಿ ಉಳಿದಿದೆ. ಒಂದು ಕಾಲದಲ್ಲಿ, ಔಷಧಿ ಕೊಟ್ಟು ಮಂಪರಿನಲ್ಲಿ ಪ್ರಶ್ನೆ ಕೇಳುವ ಮಂಪರು ಪರೀಕ್ಷೆ ಎಂದರೆ ಬೆಂಗಳೂರು ಎನ್ನುವಂತಿತ್ತು. ದೇಶದ ನಾನಾ ಕಡೆಯ ಆರೋಪಿಗಳನ್ನು ಇಲ್ಲಿಗೆ ಕರೆತರುತ್ತಿದ್ದರು. 2010ರ ಮೇ 5ರಂದು ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ನ ಮೂವರು ನ್ಯಾಯಮೂರ್ತಿಗಳ ಪೀಠ, ವ್ಯಕ್ತಿಯ ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಪಾಲಿಗ್ರಾಫ್, ಬ್ರೈನ್ ಮ್ಯಾಪಿಂಗ್ (ಮಿದುಳಿನ ವಿದ್ಯುತ್ ಸಂಕೇತಗಳನ್ನು ಅಳೆಯುವ ಪರೀಕ್ಷೆ) ನಡೆಸುವಂತಿಲ್ಲ ಎಂದಿತು. ಆರೋಪಿಯನ್ನು ತನ್ನ ವಿರುದ್ಧವೇ ಸಾಕ್ಷಿ ನುಡಿಯುವಂತೆ ಬಲವಂತಪಡಿಸಬಾರದು ಎನ್ನುವ ಸಂವಿಧಾನದ 20(3)ನೇ ವಿಧಿ ಮತ್ತು ಜೀವ ಹಾಗೂ ವೈಯಕ್ತಿಕ ಸ್ವಾತಂತ್ರ್ಯವನ್ನು ಕಾಯುವ 21ನೇ ವಿಧಿ ಅದಕ್ಕೆ ಆಧಾರ. ಒಪ್ಪಿಗೆ ಕೊಟ್ಟು ಪರೀಕ್ಷೆಗೆ ಕುಳಿತರೂ ಫಲಿತಾಂಶವೇ ಸಾಕ್ಷ್ಯವಾಗದು, ಅದರ ನೆರವಿನಿಂದ ಮುಂದೆ ಪತ್ತೆಯಾದ ವಸ್ತು ಅಥವಾ ಮಾಹಿತಿಯನ್ನು ಮಾತ್ರ ಪರಿಗಣಿಸಬಹುದು. ತೀರ್ಪು ಬರುವಾಗ ಕಣ್ಣಿನ ಪರೀಕ್ಷೆ ಮಾರುಕಟ್ಟೆಯಲ್ಲೇ ಇರಲಿಲ್ಲ. ಆದರೆ ಮನಸ್ಸಿನೊಳಗಿನದನ್ನು ಬಲವಂತವಾಗಿ ಹೊರಗೆಳೆಯಬಾರದು ಎಂಬ ಅದರ ತರ್ಕ ಕ್ಯಾಮೆರಾಗೂ ಅನ್ವಯಿಸುತ್ತದೆ ಎಂದು ನಾನು ದೃಢವಾಗಿ ನಂಬುತ್ತೇನೆ. ಅದಕ್ಕೆ ಎರಡು ವರ್ಷ ಮೊದಲು, 2008ರಲ್ಲಿ, ಪುಣೆಯ ನ್ಯಾಯಾಲಯವೊಂದು ಕೊಲೆ ಪ್ರಕರಣದಲ್ಲಿ ಮಿದುಳಿನ ವಿದ್ಯುತ್ ಸಂಕೇತಗಳ ಪರೀಕ್ಷೆಯನ್ನೂ ಆಧಾರವಾಗಿಟ್ಟುಕೊಂಡು ವಿದ್ಯಾರ್ಥಿನಿಯೊಬ್ಬಳಿಗೆ ಜೀವಾವಧಿ ಶಿಕ್ಷೆ ವಿಧಿಸಿತ್ತು. ಹೊಸ ಯಂತ್ರವೊಂದಕ್ಕೆ ನ್ಯಾಯಾಲಯದ ಬಾಗಿಲು ಎಷ್ಟು ಬೇಗ ತೆರೆದೀತು ಎಂದು ತಿಳಿಯಲು ಆ ಪ್ರಕರಣವನ್ನು ನೀವು ಓದಲೇಬೇಕು.

ಪೊಲೀಸರಿಗೆ ಸೆಲ್ವಿ ತೀರ್ಪಿನ ಕಡಿವಾಣವಿದೆ. ಖಾಸಗಿ ಉದ್ಯೋಗದಾತರಿಗೆ? ಅಮೆರಿಕದಲ್ಲಿ 1988ರ ಕಾನೂನು ಹೆಚ್ಚಿನ ಖಾಸಗಿ ಸಂಸ್ಥೆಗಳು ನೌಕರರ ಮೇಲೆ ಸುಳ್ಳುಪತ್ತೆ ಯಂತ್ರ ಬಳಸುವುದನ್ನು ತಡೆಯುತ್ತದೆ. ಅಲ್ಲಿ ಹುಟ್ಟಿದ ಯಂತ್ರ ಗಿರಾಕಿಗಳನ್ನು ಹುಡುಕಿಕೊಂಡು ಲ್ಯಾಟಿನ್ ಅಮೆರಿಕದ ಕಡೆಗೆ ಹೋದದ್ದಕ್ಕೆ ಇದೂ ಒಂದು ಕಾರಣ. ನಮ್ಮಲ್ಲಿ ಅಂಥ ಪ್ರತ್ಯೇಕ ಕಾನೂನಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕೂಡ ಉದ್ಯೋಗದ ಉದ್ದೇಶಗಳಿಗೆ, ಉದ್ಯೋಗದಾತರನ್ನು ನಷ್ಟದಿಂದ ಕಾಪಾಡುವುದಕ್ಕೆ ದತ್ತಾಂಶ ಬಳಸಲು ಅವಕಾಶ ಕೊಟ್ಟಿದೆ. ಈ ಸಂದಿಯನ್ನು ಮುಚ್ಚುವ ಕೆಲಸ ನಿಮ್ಮ ತಲೆಮಾರಿನದು, ತಡಮಾಡಬೇಡಿ.

ಉಪನ್ಯಾಸದ ನಂತರ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತೇನೆ.

‘ಕೃತಕ ಬುದ್ಧಿಮತ್ತೆ ಬೆಳೆದಂತೆ ಇದು ಸರಿಹೋಗುವುದಿಲ್ಲವೇ ಸರ್?’ ಎಂದು ಒಬ್ಬ ವಿದ್ಯಾರ್ಥಿ ಕೇಳಿದರು. ಯಂತ್ರ ಕಲಿಯಬೇಕಾದರೆ ಯಾರು ನಿಜ ಹೇಳಿದರು, ಯಾರು ಸುಳ್ಳು ಹೇಳಿದರು ಎಂದು ಖಚಿತವಾಗಿ ಗೊತ್ತಿರುವ ಉದಾಹರಣೆಗಳು ಬೇಕು. ಪ್ರಯೋಗಾಲಯದಲ್ಲಿ ಅದು ಗೊತ್ತಿರುತ್ತದೆ, ಅಲ್ಲಿ ಪಣ ಮಾತ್ರ ಹುಸಿ. ಹೊರಗೆ ಪಣ ನಿಜ, ಸತ್ಯ ಯಾರಿಗೂ ಗೊತ್ತಿಲ್ಲ. ತಪ್ಪಾಗಿ ತಿರಸ್ಕೃತನಾದ ಅರ್ಜಿದಾರ ಮರಳಿ ಬಂದು ತಾನು ಪ್ರಾಮಾಣಿಕ ಎಂದು ಸಾಬೀತು ಮಾಡುವ ದಾರಿಯೇ ಇಲ್ಲ. ಹಾಗಾಗಿ ಅವನು ಸಂಸ್ಥೆಯ ದಾಖಲೆಯಲ್ಲಿ ಸುಳ್ಳುಗಾರನಾಗಿಯೇ ಉಳಿಯುತ್ತಾನೆ. ಅದೇ ದಾಖಲೆಯಿಂದ ಮುಂದಿನ ಯಂತ್ರಕ್ಕೆ ಪಾಠ ಹೇಳಿದರೆ ಅದು ಹಳೆಯ ತಪ್ಪನ್ನೇ ಇನ್ನಷ್ಟು ಆತ್ಮವಿಶ್ವಾಸದಿಂದ ಮಾಡುತ್ತದೆ.

‘ಕೆಲಸ ಬೇಕೇ ಬೇಕು, ಪರೀಕ್ಷೆಗೆ ಕೂರು ಎನ್ನುತ್ತಾರೆ. ಆಗ ಏನು ಮಾಡುವುದು?’ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದರು. ಒಪ್ಪಿಗೆ ಪತ್ರವನ್ನು ಪೂರ್ತಿ ಓದದೆ ಸಹಿ ಮಾಡಬೇಡಿ, ಅದರ ಪ್ರತಿಯನ್ನು ಕೇಳಿ ಪಡೆಯಿರಿ. ನೀವು ಸರಾಗವಾಗಿ ಓದುವ ಭಾಷೆಯಲ್ಲಿ ಪರೀಕ್ಷೆ ಬೇಕೆಂದು ಕೇಳಿ. ಕಣ್ಣಿನ ಹನಿ, ಶಸ್ತ್ರಚಿಕಿತ್ಸೆ, ನಿತ್ಯ ತೆಗೆದುಕೊಳ್ಳುವ ಮಾತ್ರೆ ಏನಿದ್ದರೂ ಪರೀಕ್ಷೆಗೆ ಮೊದಲೇ ಬರಹದಲ್ಲಿ ಕೊಡಿ. ದಾಖಲೆ ಎಲ್ಲಿ, ಎಷ್ಟು ಕಾಲ ಇಡುತ್ತಾರೆ ಎಂದು ಕೇಳಿ. ತಿರಸ್ಕರಿಸಿದರೆ, ಅಂಕದ ಹೊರತು ಬೇರೆ ಯಾವ ಕಾರಣವಿದೆ ಎಂದು ಲಿಖಿತವಾಗಿ ವಿಚಾರಿಸಿ, ಬಂದ ಉತ್ತರವನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಮುಂದೆ ಯಾರಾದರೂ ಇದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದಾಗ ಇಂಥ ಕಾಗದಗಳೇ ಬೇಕಾಗುತ್ತವೆ.